ಯಾವ ಕೆಲಸಕ್ಕೆ ಯಾವ ರಾಳ: ಅರಗಿನಿಂದ ಎಪಾಕ್ಸಿಯವರೆಗೆ, ಗುಗ್ಗುಳದಿಂದ ಹಲ್ಲಿನ ಸಿಮೆಂಟಿನವರೆಗೆ

ಮರದ ಸಾಮಾನಿಗೆ ಹೊಳಪು ಕೊಡುವ ಅರಗು, ಪ್ಲೈವುಡ್ಡಿನ ಪದರಗಳನ್ನು ಹಿಡಿದಿಡುವ ಅಂಟು, ಕೊಳವೆಬಾವಿಯ ಗಡಸು ನೀರನ್ನು ಮೆದುಗೊಳಿಸುವ ಯಂತ್ರದೊಳಗಿನ ಸಣ್ಣ ಮಣಿಗಳು, ಹುಳುಕು ಹಲ್ಲಿಗೆ ತುಂಬುವ ಬಿಳಿಯ ಪದಾರ್ಥ, ಮಂಡಿನೋವಿಗೆಂದು ಮಾರುವ ಶಲ್ಲಕಿ ಮಾತ್ರೆ ಇವೆಲ್ಲವೂ ರಾಳದ ಕುಟುಂಬಕ್ಕೆ ಸೇರಿದವು. ಆಯ್ಕೆಯ ಮಾತು ಬಂದಾಗ ಹೆಚ್ಚಿನವರು ಮೊದಲು ಕೇಳುವುದು ‘ಇದು ನೈಸರ್ಗಿಕವೋ, ಕೃತಕವೋ’ ಎಂದು. ಆ ಪ್ರಶ್ನೆಯಿಂದ ತಿಳಿಯುವುದು ಬಹಳ ಕಡಿಮೆ. ಪೈನ್ ಮರದಿಂದ ಇಳಿಸಿದ ರಾಳದ ಹೊಗೆ ಬೆಸುಗೆ ಹಾಕುವವರಿಗೆ ಆಸ್ತಮಾ ತರಬಲ್ಲದು. ಕಾರ್ಖಾನೆಯಲ್ಲಿ ತಯಾರಾದ ಪಾಲಿಸ್ಟೈರೀನ್ ಪುಡಿ ರೋಗಿಯ ಕರುಳಿನಲ್ಲಿ ಸಾಗಿ, ರಕ್ತವನ್ನು ಸೇರದೆಯೇ ತನ್ನ ಕೆಲಸ ಮುಗಿಸಿ ಹೊರಬೀಳುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ: ಈ ರಾಳ ಯಾವುದರಲ್ಲಿ ಕರಗುತ್ತದೆ? ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗುತ್ತದೆಯೇ? ಕೈಗಾರಿಕೆಯಲ್ಲಾಗಲಿ ವೈದ್ಯಕೀಯದಲ್ಲಾಗಲಿ, ಈ ಎರಡಕ್ಕೆ ಉತ್ತರ ಸಿಕ್ಕಿದರೆ ಆಯ್ಕೆಯ ಮುಕ್ಕಾಲು ಭಾಗ ಮುಗಿದಂತೆಯೇ.

ಮರಕ್ಕೆ ಗಾಯವಾದಾಗ ಒಸರುವುದೆಲ್ಲವೂ ರಾಳವಲ್ಲ. ಜಾಲಿ ಮರದ ಗೋಂದು ಸಕ್ಕರೆಯ ಅಣುಗಳು ಸರಪಳಿಯಾಗಿ ಸೇರಿ ಆದದ್ದು. ಅದು ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್ಟಿಗೆ ಜಗ್ಗುವುದಿಲ್ಲ. ರಾಳದ್ದು ಇದಕ್ಕೆ ತದ್ವಿರುದ್ಧ: ಅದರಲ್ಲಿರುವುದು ಬಹುಮಟ್ಟಿಗೆ ಟರ್ಪೀನ್ ವರ್ಗದ ಸಂಯುಕ್ತಗಳು, ಅವು ನೀರಿಗೆ ಜಗ್ಗದೆ ಸ್ಪಿರಿಟ್ಟಿನಲ್ಲೋ ಟರ್ಪೆಂಟೈನಿನಲ್ಲೋ ಕರಗುತ್ತವೆ. ಗುಗ್ಗುಳ, ಶಲ್ಲಕಿ, ಇಂಗು ಇವುಗಳಲ್ಲಿ ಎರಡೂ ಬೆರೆತಿರುವುದರಿಂದ ಅವನ್ನು ಗೋಂದುರಾಳ ಎನ್ನಬೇಕಾಗುತ್ತದೆ. ಕೊಂಡು ತಂದದ್ದು ಏನೆಂಬ ಸಂಶಯವಿದ್ದರೆ ಒಂದು ಚೂರನ್ನು ನೀರಿನ ಲೋಟದಲ್ಲೂ ಇನ್ನೊಂದು ಚೂರನ್ನು ಸ್ಪಿರಿಟ್ಟಿನಲ್ಲೂ ರಾತ್ರಿಯಿಡೀ ಬಿಟ್ಟು ನೋಡಿದರೆ ಸಾಕು. ನಮ್ಮ ಪಶ್ಚಿಮ ಘಟ್ಟದ ಬಿಳಿಧೂಪ, ಕರಿಧೂಪ, ಹಾಲುಮಡ್ಡಿಗಳನ್ನು ಪೇಟೆಯಲ್ಲಿ ಒಂದೇ ಬಗೆಯ ಧೂಪದ ಸಾಮಗ್ರಿಯೆಂದು ಕಾಣುವುದುಂಟು. ಆದರೆ ಬಿಳಿಧೂಪ ವಾರ್ನಿಷಿಗೂ ಒದಗಿಬಂದ ಗಟ್ಟಿ ರಾಳ. ಹಾಲುಮಡ್ಡಿ ಮೆತ್ತಗೆ ಅಂಟುವಂಥದ್ದಾದ್ದರಿಂದ ಮಸಾಲೆ ಅಗರಬತ್ತಿಯ ಪುಡಿಗಳನ್ನು ಕಡ್ಡಿಗೆ ಹಿಡಿದಿಡಲು ಸಲ್ಲುತ್ತದೆ. ಒಂದರ ಬದಲು ಇನ್ನೊಂದನ್ನು ಬಳಸಿದರೆ ಕೆಲಸ ಕೆಡುತ್ತದೆ.

ಮರದ ಮೇಲೆ: ಅರಗೋ, ಪಿಯು ಲೇಪವೋ?

ಅರಗು ಮರದ್ದಲ್ಲ, ಕೀಟದ್ದು. ಕೆರಿಯಾ ಲ್ಯಾಕಾ ಎಂಬ ಪುಟ್ಟ ಕೀಟ ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆಯ ಕೊಂಬೆಗಳ ರಸ ಹೀರಿ, ತನ್ನ ಸುತ್ತ ಕವಚವಾಗಿ ಸ್ರವಿಸುವ ವಸ್ತುವೇ ಅರಗು. ಇದರ ಬಗ್ಗೆ ಭಾರತದಲ್ಲಿ ವ್ಯವಸ್ಥಿತ ಸಂಶೋಧನೆ ಶುರುವಾದದ್ದು 1924ರಲ್ಲಿ, ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ ಭಾರತೀಯ ಅರಗು ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ. ನಮ್ಮಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಆರಂಭವಾಯಿತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಇಂದು ಹೆಸರಾಗಿರುವ ಮೈಸೂರಿನ ಕಾರ್ಖಾನೆ ಅದೇ. ಶಾಯಿಯ ಪ್ರಸಿದ್ಧಿಯಲ್ಲಿ ಅದರ ಹುಟ್ಟು ಅರಗಿನಿಂದ ಆಯಿತೆಂಬುದು ಬಹುಮಂದಿಗೆ ಮರೆತೇಹೋಗಿದೆ.

ಅರಗಿನ ಗುಣಗಳೆಲ್ಲ ಒಟ್ಟಿಗೆ ಕಣ್ಣಿಗೆ ಕಾಣುವುದು ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ. ತಿರುಗುವ ಲೇತಿನ ಮೇಲಿರುವ ಆಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಅದರ ಮೇಲೆ ಒಣಗಿದ ಕೇದಿಗೆ ಗರಿಯನ್ನು ಒತ್ತಿದರೆ ಬಣ್ಣ ಸಮನಾಗಿ ಕೂತು ಹೊಳಪು ಬರುತ್ತದೆ. ದ್ರಾವಕವೂ ಬೇಡ, ಒಣಗಲು ಕಾಯುವುದೂ ಬೇಡ. ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್ಸಿಗೆಲ್ಲ ಮೆತ್ತಗಾಗುವುದರಿಂದಲೇ ಇದು ಸಾಧ್ಯವಾಗಿದೆ. ಅದೇ ಗುಣ ಊಟದ ಮೇಜಿನ ಮೇಲೆ ದೋಷವಾಗುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚುವ ಫ್ರೆಂಚ್ ಪಾಲಿಶ್ ನೋಡಲು ಬಲು ಚೆಂದ. ಆದರೆ ಬಿಸಿ ಕಾಫಿ ಲೋಟ ಇಟ್ಟಲ್ಲಿ ಕಲೆ ಕೂರುತ್ತದೆ, ನೀರು ನಿಂತಲ್ಲಿ ಬೆಳ್ಳಗಾಗುತ್ತದೆ, ಸ್ಪಿರಿಟ್ಟಿರುವ ಸ್ಯಾನಿಟೈಸರ್ ಬಿದ್ದರೆ ಪಾಲಿಶ್ ಎದ್ದೇಬರುತ್ತದೆ.

ಎರಡು ದ್ರವ ಬೆರೆಸಿ ಹಚ್ಚುವ ಪಿಯು, ಅಂದರೆ ಪಾಲಿಯುರೆಥೇನ್, ಇವುಗಳೆಲ್ಲವನ್ನೂ ತಡೆದುಕೊಳ್ಳುತ್ತದೆ. ಅದರ ಅಣುಗಳು ಒಣಗುವಾಗ ಒಂದಕ್ಕೊಂದು ಅಡ್ಡಡ್ಡ ಬೆಸೆದುಕೊಳ್ಳುವುದರಿಂದ ಆಮೇಲೆ ಯಾವ ಸ್ಪಿರಿಟ್ಟಿಗೂ ಅದು ಕರಗುವುದಿಲ್ಲ. ಬೆಲ್ಲದ ಪಾಕ ಆರಿದರೆ ಗಟ್ಟಿ, ಕಾಯಿಸಿದರೆ ಮತ್ತೆ ಪಾಕ; ಆದರೆ ಬೆಂದ ಇಡ್ಲಿ ಮತ್ತೆ ಹಿಟ್ಟಾಗದು. ಅರಗಿಗೂ ಪಿಯುವಿಗೂ ಇರುವ ವ್ಯತ್ಯಾಸ ಇಷ್ಟೇ. ಗೀರು ಬಿದ್ದಾಗ ಇದರ ಬೆಲೆ ತೆರಬೇಕಾಗುತ್ತದೆ: ಅರಗಿನ ಪಾಲಿಶಿನಲ್ಲಿ ಹೊಸ ಪದರ ಹಳೆಯ ಪದರವನ್ನು ತುಸು ಕರಗಿಸಿ ಅದರೊಂದಿಗೆ ಒಂದಾಗುತ್ತದೆ, ಪಿಯುವಿನಲ್ಲಿ ಇಡೀ ಹಲಗೆಯನ್ನು ಉಜ್ಜಿ ತೆಗೆದು ಮತ್ತೆ ಹಚ್ಚಬೇಕು. ಹಚ್ಚುವವರ ಆರೋಗ್ಯದ ಲೆಕ್ಕವೂ ಬೇರೆ. ಪಿಯುವಿನ ಗಟ್ಟಿಗೊಳಿಸುವ ದ್ರವದಲ್ಲಿರುವ ಐಸೊಸಯನೇಟುಗಳು ಆಸ್ತಮಾಕ್ಕೆ ಕಾರಣವಾಗುತ್ತವೆ, ಸಾಧಾರಣ ಬಟ್ಟೆಯ ಮಾಸ್ಕಿನಿಂದ ಅವನ್ನು ತಡೆಯಲಾಗದು. ನನ್ನ ಅಭಿಪ್ರಾಯದಲ್ಲಿ ಹಳೆಯ ಪೆಟ್ಟಿಗೆ, ದೇವರ ಮಂಟಪ, ವೀಣೆ, ಮಕ್ಕಳ ಆಟಿಕೆ ಇವಕ್ಕೆ ಅರಗು. ಅಡುಗೆಮನೆ, ಊಟದ ಮೇಜು, ಬಾಗಿಲಿನ ಹೊರಮೈಗೆ ಪಿಯು. ಆಟಿಕೆಯ ವಿಷಯದಲ್ಲಿ ಒಂದು ಎಚ್ಚರವಿರಲಿ: ಅರಗು ಆಹಾರಕ್ಕೂ ಬಳಸಲು ಅನುಮತಿಯಿರುವ ಪದಾರ್ಥ, ಆಹಾರದ ಸೇರ್ಪಡೆಗಳ ಪಟ್ಟಿಯಲ್ಲಿ ಅದರ ಸಂಖ್ಯೆ 904, ಆದರೆ ಅದರೊಳಗೆ ಬೆರೆಸಿದ ಬಣ್ಣದಲ್ಲಿ ಸೀಸವಿದ್ದರೆ ಅರಗಿನ ನಿರಪಾಯದಿಂದ ಏನೂ ಪ್ರಯೋಜನವಿಲ್ಲ. ಕರಗಿಸಿಟ್ಟ ಅರಗನ್ನು ಬಹುಕಾಲ ಇಡಲೂಬಾರದು, ಅದರ ಆಮ್ಲಗಳು ಸ್ಪಿರಿಟ್ಟಿನೊಂದಿಗೆ ನಿಧಾನವಾಗಿ ಕೂಡಿಕೊಂಡು ಹಚ್ಚಿದ್ದು ಒಣಗದೆ ಜಿಗುಟಾಗಿಯೇ ಉಳಿಯುತ್ತದೆ. ಒಣ ಚಪ್ಡಾ, ಅಂದರೆ ಅರಗಿನ ತೆಳು ಚಕ್ಕೆಗಳನ್ನು, ತಂದು ಬೇಕಾದಷ್ಟನ್ನೇ ಕರಗಿಸಿಕೊಳ್ಳುವುದು ಲೇಸು.

ಪ್ಲೈವುಡ್ಡಿನೊಳಗಿನ ಅಂಟು

ಅರಗಿಗೆ ಬದಲಿ ಹುಡುಕಲು ಹೊರಟವರಲ್ಲಿ ಒಬ್ಬರಾದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳಿಂದ ಬೇಕಲೈಟ್ ತಯಾರಿಸಿದರು. ಅರಗಿಗೆ ಬದಲಿಯೆಂದು ಹುಟ್ಟಿದ ವಸ್ತು ಅರಗಿನ ಮುಖ್ಯ ಗುಣವನ್ನೇ ಪಡೆಯಲಿಲ್ಲ. ಅದು ಮತ್ತೆಂದೂ ಕರಗದ ರಾಳವಾಯಿತು, ವಿದ್ಯುತ್ ಸ್ವಿಚ್ಚುಗಳಿಗೆ ಬೇಕಾಗಿದ್ದದ್ದೂ ಅದೇ. ಅದೇ ಫೀನಾಲ್ ರಾಳ ಇಂದು ಒಳ್ಳೆಯ ಪ್ಲೈವುಡ್ಡಿನ ಜೀವಾಳ.

ಅಂಗಡಿಯಲ್ಲಿ ಪ್ಲೈವುಡ್ ಕೊಳ್ಳುವಾಗ ಮರ ಯಾವುದೆಂದು ಕೇಳುವವರು ಬಹಳ, ಅಂಟು ಯಾವುದೆಂದು ಕೇಳುವವರು ವಿರಳ. ಬಾಳಿಕೆಯನ್ನು ನಿರ್ಧರಿಸುವುದು ಅಂಟೇ. ಎಂಆರ್, ಅಂದರೆ ತೇವವನ್ನು ತುಸು ತಡೆಯುವ, ದರ್ಜೆಯದರಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಇರುತ್ತದೆ: ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲ, ಆದರೆ ತೇವ ಮತ್ತು ಬಿಸಿಗೆ ಸಿಕ್ಕಿದರೆ ಅದರ ಬಂಧಗಳು ಬಿಚ್ಚಿಕೊಂಡು ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಈ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡಿನಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಇರುತ್ತದೆ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ಅನಿಲ ಬಿಡುವುದೂ ಅದರಲ್ಲಿ ತೀರಾ ಕಡಿಮೆ. ಹಲಗೆಯ ಅಂಚಿನಲ್ಲಿ ಪದರಗಳ ನಡುವೆ ಕೆಂಪುಗಂದು ಗೆರೆ ಕಾಣುವುದು ಫೀನಾಲ್ ಅಂಟಿನ ಲಕ್ಷಣ. ಆದರೆ ಗೆರೆಯನ್ನೇ ನಂಬಿ ಕೊಳ್ಳಬೇಡಿ, ಬಣ್ಣ ಬೆರೆಸುವುದು ಯಾರಿಗೂ ಕಷ್ಟದ ಕೆಲಸವಲ್ಲ. ಐಎಸ್‌ಐ ಗುರುತಿನ ಜೊತೆಗೆ ಮುದ್ರಿಸಿರುವ ಮಾನಕದ ಸಂಖ್ಯೆಯನ್ನು ನೋಡಿ. ಅಡುಗೆಮನೆಯ ಸಿಂಕಿನ ಕೆಳಗೆ, ಮಲೆನಾಡು ಕರಾವಳಿಗಳ ಮನೆಗಳಲ್ಲಿ ಎಲ್ಲ ಕಡೆ, ಹೆಚ್ಚು ಕೊಟ್ಟಾದರೂ 710 ತರುವುದು ಸರಿ. ಗಾಳಿಯಾಡದ ಮಲಗುವ ಕೋಣೆಯ ಕಪಾಟಿಗೂ ನಾನು ಅದನ್ನೇ ಹೇಳುತ್ತೇನೆ, ಅಲ್ಲಿ ಕಾರಣ ತೇವವಲ್ಲ, ಅನಿಲ.

ಈ ಫೀನಾಲಿಗೂ ಒಂದು ದೇಸಿ ಪರ್ಯಾಯವಿದೆ, ಅದರ ಮೂಲ ಮಂಗಳೂರಿನವರಿಗೆ ಚಿರಪರಿಚಿತ. ಗೇರುಬೀಜದ ಸಿಪ್ಪೆಯಿಂದ ಸುರಿಯುವ, ಕೈಚರ್ಮ ಸುಡುವ ಕಪ್ಪೆಣ್ಣೆಯನ್ನು ಕಾಯಿಸಿ ಶುದ್ಧಿ ಮಾಡಿದರೆ ಕಾರ್ಡನಾಲ್ ಸಿಗುತ್ತದೆ. ಇದೂ ಒಂದು ಫೀನಾಲೇ, ಆದರೆ ಇದಕ್ಕೆ 15 ಇಂಗಾಲದ ಉದ್ದನೆಯ ಬಾಲವಿದೆ. ಆ ಬಾಲದಿಂದಾಗಿ ಇದರಿಂದ ಮಾಡಿದ ರಾಳ ಪೆಡಸಾಗದೆ ತುಸು ಬಾಗುತ್ತದೆ, ನೀರನ್ನು ದೂರವಿಡುತ್ತದೆ. ವಾಹನಗಳ ಬ್ರೇಕ್ ಲೈನಿಂಗಿನಲ್ಲಿ ಗೇರು ರಾಳದ ಪುಡಿ ಬಹುಕಾಲದಿಂದ ಬಳಕೆಯಲ್ಲಿದೆ. ಪ್ಲೈವುಡ್ ಅಂಟಿನಲ್ಲಿ ಪೆಟ್ರೋಲಿಯಂ ಮೂಲದ ಫೀನಾಲಿನ ಒಂದು ಪಾಲಿಗೆ ಬದಲಾಗಿ ಇದನ್ನು ಸೇರಿಸುವ ಕೆಲಸ ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯಲ್ಲಿ ನಡೆದಿದೆ. ಪೂರ್ತಿ ಬದಲಿಯಾಗಿ ಇದನ್ನು ನೋಡಬಾರದು, ಅದೇ ಉದ್ದ ಬಾಲ ಅಂಟು ಗಟ್ಟಿಯಾಗುವ ವೇಗವನ್ನೂ ಕಡಿಮೆ ಮಾಡುತ್ತದೆ.

ಎಪಾಕ್ಸಿ, ಪಾಲಿಯೆಸ್ಟರ್, ರೋಸಿನ್

ಬಿರುಕು ಮುಚ್ಚಲು, ಫೈಬರ್ ತೊಟ್ಟಿ ರಿಪೇರಿಗೆ, ಮೇಜಿನ ಮೇಲೆ ಗಾಜಿನಂಥ ಪದರ ಹಾಕಲು ಜನ ಹೆಚ್ಚಾಗಿ ಗೊಂದಲಕ್ಕೊಳಗಾಗುವುದು ಎಪಾಕ್ಸಿ ಮತ್ತು ಪಾಲಿಯೆಸ್ಟರ್‌ಗಳ ನಡುವೆ. ಪಾಲಿಯೆಸ್ಟರ್ ಅಗ್ಗ, ಬೇಗ ಗಟ್ಟಿಯಾಗುತ್ತದೆ, ದೊಡ್ಡ ಫೈಬರ್ ಅಚ್ಚುಗಳಿಗೆ ಹೇಳಿಮಾಡಿಸಿದ್ದು. ಆದರೆ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ 5ರಿಂದ 8ರಷ್ಟು ಕುಗ್ಗುತ್ತದೆ, ಸ್ಟೈರೀನಿನ ಘಾಟು ಮನೆಯೆಲ್ಲ ತುಂಬುತ್ತದೆ. ಎಪಾಕ್ಸಿ ಕುಗ್ಗುವುದು ಅದಕ್ಕಿಂತ ಬಹಳ ಕಡಿಮೆ, ಲೋಹ, ಮರ, ಕಾಂಕ್ರೀಟು ಎಲ್ಲಕ್ಕೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ; ಬಿಸಿಲಿಗೆ ಹಳದಿಯಾಗುವುದು ಅದರ ಕೊರತೆ. ಆದ್ದರಿಂದ ತಾರಸಿಯ ಮೇಲೆ ಬರಿಯ ಎಪಾಕ್ಸಿ ಹಚ್ಚಿಸಿಕೊಳ್ಳಬೇಡಿ.

ಬೆರೆಸುವ ವಿಧಾನದಲ್ಲೂ ಎರಡೂ ಬೇರೆ. ಎಪಾಕ್ಸಿಯ ಗಟ್ಟಿಗೊಳಿಸುವ ದ್ರವ ರಾಳದಷ್ಟೇ ಮುಖ್ಯ ಭಾಗ. ಅದು ರಾಳದೊಂದಿಗೆ ಅಣುವಿಗೆ ಅಣು ಕೂಡಬೇಕಾದ್ದರಿಂದ ಡಬ್ಬಿಯ ಮೇಲಿನ ಅಳತೆಯನ್ನು ಮೀರಿ ‘ಬೇಗ ಒಣಗಲಿ’ ಎಂದು ಇನ್ನಷ್ಟು ಸುರಿದರೆ ಅದು ಮೆತ್ತಗೇ ಉಳಿಯುತ್ತದೆ. ಬೆರೆಸಿದ ಮೇಲೆ ಆಳವಾದ ಡಬ್ಬಿಯಲ್ಲೇ ಬಿಟ್ಟರೆ ತನ್ನದೇ ಬಿಸಿಗೆ ಹೊಗೆಯಾಡತೊಡಗುತ್ತದೆ, ಅಗಲ ತಟ್ಟೆಗೆ ಹರಡಿದರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಪಾಲಿಯೆಸ್ಟರಿಗೆ ಸೇರಿಸುವ ಪೆರಾಕ್ಸೈಡ್ ಶೇಕಡಾ 1ರಿಂದ 2ರಷ್ಟು ಸಾಕು, ಹವೆಗೆ ತಕ್ಕಂತೆ ತುಸು ಹೆಚ್ಚುಕಡಿಮೆ ಮಾಡಬಹುದು. ಆದರೆ ಅದನ್ನೂ, ಗಟ್ಟಿಯಾಗುವುದನ್ನು ಚುರುಕುಗೊಳಿಸಲು ಹಾಕುವ ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಸುರಿದರೆ ಸ್ಫೋಟವಾಗುತ್ತದೆ. ಒಂದನ್ನು ರಾಳದಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಎಪಾಕ್ಸಿಯ ಹಸಿ ದ್ರವ ಚರ್ಮಕ್ಕೆ ಮತ್ತೆಮತ್ತೆ ತಾಗಿದರೆ ಅಲರ್ಜಿ ಬರುತ್ತದೆ, ಒಮ್ಮೆ ಬಂದದ್ದು ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ. ಕೈಗಂಟಿದ್ದನ್ನು ಥಿನ್ನರಿನಿಂದ ಒರೆಸಿದರೆ ಅದು ಚರ್ಮದೊಳಕ್ಕೆ ಇನ್ನೂ ಸುಲಭವಾಗಿ ಇಳಿಯುತ್ತದೆ, ಸೋಪು ನೀರೇ ಸರಿ.

ರೋಸಿನ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಹಿಮಾಲಯದ ತಪ್ಪಲಿನ ಚೀರ್ ಪೈನ್ ರಾಳವನ್ನು ಬಟ್ಟಿ ಇಳಿಸಿದಾಗ ಟರ್ಪೆಂಟೈನ್ ಆವಿಯಾಗಿ ಹೋಗಿ ಕೆಳಗುಳಿಯುವ ಜೇನುಬಣ್ಣದ ಗಟ್ಟಿಯೇ ರೋಸಿನ್. ಪಿಟೀಲಿನ ಕಮಾನಿಗೆ ಹಚ್ಚುವುದೂ ಇದನ್ನೇ. ಎಲೆಕ್ಟ್ರಾನಿಕ್ಸ್ ಬೆಸುಗೆಯಲ್ಲಿ ಇದರ ಹೆಚ್ಚುಗಾರಿಕೆಯೆಂದರೆ ಇದರಲ್ಲಿರುವ ಅಬಿಯೆಟಿಕ್ ಆಮ್ಲ ಬಿಸಿಯಲ್ಲಿ ಮಾತ್ರ ಲೋಹದ ಕಿಲುಬು ತೆಗೆದು, ಆರಿದ ಮೇಲೆ ಸುಮ್ಮನಾಗುವುದು. ನೀರಿನಲ್ಲಿ ಕರಗುವ ಫ್ಲಕ್ಸ್ (ಬೆಸುಗೆಯಲ್ಲಿ ಕಿಲುಬು ತೆಗೆಯುವ ಪದಾರ್ಥ) ಇದಕ್ಕಿಂತ ಚುರುಕು, ಆದರೆ ತೊಳೆಯದೆ ಬಿಟ್ಟರೆ ತಂತಿಯನ್ನೇ ತಿನ್ನುತ್ತದೆ. ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಬೆಸುಗೆ ಹಾಕುವವರು ರೋಸಿನ್ ಆರಿಸಿಕೊಳ್ಳಬಹುದು. ದಿನವಿಡೀ ಅದೇ ಕೆಲಸ ಮಾಡುವವರಿಗೆ ಹೊಗೆ ಹೀರುವ ಫ್ಯಾನ್ ಇಲ್ಲದಿದ್ದರೆ ರೋಸಿನ್ ಇಲ್ಲದ ಫ್ಲಕ್ಸೇ ವಾಸಿ. ಹಳೆಯ ಪುಸ್ತಕಗಳ ಪುಟ ಹಳದಿಯಾಗಿ ಪುಡಿಯಾಗುವುದಕ್ಕೂ, ಶಾಯಿ ಹರಡದಿರಲೆಂದು ಕಾಗದಕ್ಕೆ ರೋಸಿನ್ ಜೊತೆಗೆ ಬಳಸಿದ ಪಟಿಕದ ಆಮ್ಲೀಯತೆ ಒಂದು ಕಾರಣ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಇಲಿಗ್ ಪ್ರಕಟಿಸಿದ ಆ ವಿಧಾನ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದದ ಗಿರಣಿಗಳನ್ನು ಆಳಿತು.

ಕರಗದ ಮಣಿಗಳು, ಕರಗುವ ಗುಗ್ಗುಳ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೊಳವೆಬಾವಿ ನೀರಿಗೆ ಅಳವಡಿಸುವ ಸಾಫ್ಟ್‌ನರ್ ಪೀಪಾಯಿಯೊಳಗಿರುವುದು ಪಾಲಿಸ್ಟೈರೀನ್ ಮಣಿಗಳು. ಮಣಿಗಳ ಮೇಲೆ ಅಂಟಿಕೊಂಡ ಸೋಡಿಯಂ ನೀರಿಗೆ ಬಂದು, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಣಿಗಳಿಗೆ ಹೋಗುತ್ತದೆ. ಉಪ್ಪುನೀರು ಹಾಯಿಸಿದರೆ ಮಣಿಗಳು ಮತ್ತೆ ಮೊದಲಿನಂತಾಗುತ್ತವೆ. ಇಂಥ ಅಯಾನು ವಿನಿಮಯ ರಾಳವನ್ನು ಮೊದಲು ಸಂಶ್ಲೇಷಿಸಿದವರು 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್. ಪಾಲಿಸ್ಟೈರೀನಿನ ಮಣಿಗಳು ಬಂದದ್ದು 1940ರ ದಶಕದಲ್ಲಿ. ಇಲ್ಲಿ ಆಯ್ಕೆ ಸಾಫ್ಟ್‌ನರ್ ಮತ್ತು ಆರ್‌ಓ ನಡುವೆ ಎಂದು ಅನೇಕರು ತಿಳಿದಿದ್ದಾರೆ. ಎರಡರ ಕೆಲಸವೂ ಬೇರೆ. ಸಾಫ್ಟ್‌ನರ್ ಬಕೆಟ್ಟಿನ ಬಿಳಿ ಕಲೆ, ಗೀಸರಿನ ಕಿಟ್ಟ, ನೊರೆ ಬಾರದ ಸೋಪು ಇವನ್ನು ನೀಗಿಸುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಅದು ಕಡಿಮೆ ಮಾಡದು, ಫ್ಲೋರೈಡನ್ನೂ ತೆಗೆಯದು. ಕೋಲಾರ, ಚಿಕ್ಕಬಳ್ಳಾಪುರಗಳಂಥ ಫ್ಲೋರೈಡ್ ಬಾಧಿತ ಕಡೆ ಸಾಫ್ಟ್‌ನರ್ ನೀರನ್ನು ಕುಡಿಯಲು ಯೋಗ್ಯವೆಂದು ನಂಬಬಾರದು. ನೀರಿಗೆ ಸೋಡಿಯಂ ಸೇರುವುದರಿಂದ ರಕ್ತದೊತ್ತಡವಿದ್ದು ಉಪ್ಪು ಬಿಟ್ಟವರು ಕುಡಿಯುವ ನಲ್ಲಿಯನ್ನು ಪ್ರತ್ಯೇಕವಾಗಿಟ್ಟುಕೊಳ್ಳುವುದು ಒಳಿತು.

ಇದೇ ಜಾತಿಯ ರಾಳ ಆಸ್ಪತ್ರೆಯಲ್ಲೂ ಇದೆ. ಮೂತ್ರಪಿಂಡ ಸೋತು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ ಕೊಡುವ ಸೋಡಿಯಂ ಪಾಲಿಸ್ಟೈರೀನ್ ಸಲ್ಫೊನೇಟ್ ಪುಡಿ ರಸಾಯನದ ಲೆಕ್ಕದಲ್ಲಿ ಸಾಫ್ಟ್‌ನರ್ ಮಣಿಯ ಒಡಹುಟ್ಟು. ಶುದ್ಧತೆ ಮತ್ತು ಕಣಗಾತ್ರ ಮಾತ್ರ ಔಷಧದ ದರ್ಜೆಯವು. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 1958ರಲ್ಲಿ. ಊತವಿರುವ, ಹೃದಯ ಸೋತ ರೋಗಿಗೆ ಸೋಡಿಯಂ ಹೆಚ್ಚಾಗಬಾರದೆಂದಿದ್ದಾಗ ಅದರ ಕ್ಯಾಲ್ಸಿಯಂ ರೂಪವನ್ನು ವೈದ್ಯರು ಆರಿಸುತ್ತಾರೆ. ಎರಡರಲ್ಲೂ ಮಲಬದ್ಧತೆ ಸಾಮಾನ್ಯ, ಅಪರೂಪಕ್ಕೆ ಕರುಳಿಗೆ ಗಂಭೀರ ಹಾನಿಯಾಗಿರುವುದೂ ಇದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಕರುಳಿನ ಚಲನೆ ನಿಂತಿರುವಾಗ ಇದು ಸಲ್ಲದು.

ಕೊಲೆಸ್ಟರಾಲಿನ ವಿಷಯದಲ್ಲಿ ಕಾರ್ಖಾನೆಯ ರಾಳವೂ ಮರದ ರಾಳವೂ ಎದುರುಬದುರು ನಿಲ್ಲುತ್ತವೆ, ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಕೊಲೆಸ್ಟೈರಮೀನ್ ಎಂಬ ರಾಳದ ಪುಡಿ ಕರಗುವುದೂ ಇಲ್ಲ, ರಕ್ತಕ್ಕೆ ಸೇರುವುದೂ ಇಲ್ಲ. ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳಲೇಬೇಕಾಗುತ್ತದೆ. ಅಮೆರಿಕದಲ್ಲಿ 3,806 ಗಂಡಸರ ಮೇಲೆ ನಡೆದು 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ಸೇವಿಸಿದವರಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವು ಶೇಕಡಾ 19ರಷ್ಟು ಕಡಿಮೆಯಾಯಿತು. ಕೊಲೆಸ್ಟರಾಲ್ ಇಳಿಸಿದರೆ ಹೃದಯಾಘಾತ ಇಳಿಯುತ್ತದೆ ಎಂಬುದಕ್ಕೆ ಅಂದು ಸಿಕ್ಕ ಬಲವಾದ ಪುರಾವೆಗಳಲ್ಲಿ ಅದೊಂದು.

ಗುಗ್ಗುಳದ ಕಥೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಶುರುವಾಗುತ್ತದೆ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದ ಜಿ. ವಿ. ಸತ್ಯವತಿಯವರು ಅಲ್ಲಿ 1966ರಲ್ಲಿ ಸಲ್ಲಿಸಿದ ಪ್ರಬಂಧ, ಮೇದಸ್ಸಿನ ವಿಕಾರಗಳ ಬಗ್ಗೆ ಸುಶ್ರುತ ಸಂಹಿತೆಯಲ್ಲಿರುವ ವಿವರಣೆಯಿಂದ ಹೊರಟು, ಗುಗ್ಗುಳ ರಕ್ತದ ಕೊಬ್ಬಿನ ಮೇಲೆ ಮಾಡುವ ಪರಿಣಾಮವನ್ನು ಪರೀಕ್ಷಿಸಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರ ಸಾರವನ್ನು 1980ರ ದಶಕದಲ್ಲಿ ಔಷಧವಾಗಿ ತಂದಿತು. ಭಾರತದ ಹಲವು ಅಧ್ಯಯನಗಳಲ್ಲಿ ಫಲಿತಾಂಶ ಆಶಾದಾಯಕವಾಗಿತ್ತು. 2002ರಲ್ಲಿ ಗುಗ್ಗುಳದ ಸಕ್ರಿಯ ಅಂಶವಾದ ಗುಗ್ಗುಲ್‌ಸ್ಟೆರೋನ್ ಯಕೃತ್ತಿನಲ್ಲಿ ಪಿತ್ತಾಮ್ಲವನ್ನು ಗುರುತಿಸುವ ಗ್ರಾಹಕವೊಂದನ್ನು ತಡೆಯುತ್ತದೆಂದೂ ತಿಳಿದುಬಂತು. ಮರುವರ್ಷವೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 103 ಜನರ ಮೇಲೆ 8 ವಾರ ನಡೆದ ಪ್ರಯೋಗದ ವರದಿ ಬಂತು. ಗುಗ್ಗುಳ ತೆಗೆದುಕೊಂಡವರಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ಶೇಕಡಾ 4ರಿಂದ 5ರಷ್ಟು ಏರಿತು, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 5ರಷ್ಟು ಇಳಿಯಿತು. ಕೆಲವರಿಗೆ ಮೈಮೇಲೆ ದದ್ದು ಎದ್ದಿತು. ಆಹಾರಪದ್ಧತಿ, ಸಾರ ತೆಗೆಯುವ ರೀತಿ ಇವುಗಳಿಂದ ವ್ಯತ್ಯಾಸವಾಗಿರಬಹುದೆಂಬ ವಾದವಿದೆ. ಅದು ತಳ್ಳಿಹಾಕುವಂಥದ್ದಲ್ಲ, ಆದರೆ ಆ ವಾದವನ್ನೇ ಪುರಾವೆಯೆಂದು ತೆಗೆದುಕೊಳ್ಳಲಾಗದು. ಅಣು ಮಟ್ಟದ ವಿವರಣೆ ಎಷ್ಟೇ ಸೊಗಸಾಗಿದ್ದರೂ ರೋಗಿಯ ರಕ್ತದಲ್ಲಿ ಏನಾಯಿತೆಂಬುದು ಬೇರೆ ಪ್ರಶ್ನೆ ಎಂಬುದಕ್ಕೆ ಗುಗ್ಗುಳ ಒಳ್ಳೆಯ ಉದಾಹರಣೆ.

ಕರಗುವಿಕೆಯ ಪ್ರಶ್ನೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಕೊಲೆಸ್ಟೈರಮೀನ್ ಕರಗದು, ಹಾಗಾಗಿ ಅದರ ಉಪದ್ರವಗಳು ಹೊಟ್ಟೆಯುಬ್ಬರ, ಮಲಬದ್ಧತೆಗಳಂಥ ಕರುಳಿನ ತೊಂದರೆಗಳೇ ಹೆಚ್ಚು, ಜೊತೆಗೆ ಇತರ ಔಷಧಗಳನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆಯಂಥವನ್ನು ಅದಕ್ಕಿಂತ 1 ಗಂಟೆ ಮೊದಲು ಅಥವಾ 4ರಿಂದ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಗುಗ್ಗುಳ ಕರಗಿ ರಕ್ತ ಸೇರುತ್ತದೆ. ಪ್ರೊಪ್ರನಲಾಲ್, ಡಿಲ್ಟಿಯಾಜೆಮ್‌ಗಳಂಥ ಹೃದಯದ ಔಷಧಗಳು ರಕ್ತದಲ್ಲಿ ಕಡಿಮೆಯಾಗುವಂತೆ ಅದು ಮಾಡಿರುವುದು ದಾಖಲಾಗಿದೆ, ಗಂಟೆಗಳ ಅಂತರ ಕೊಟ್ಟರೆ ಇದು ತಪ್ಪುತ್ತದೆಂಬ ಭರವಸೆಯಿಲ್ಲ. ಇಂದು ಇಬ್ಬರಿಗೂ ಮೊದಲ ಸ್ಥಾನವಿಲ್ಲ, ಅದು ಸ್ಟ್ಯಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಗಳದ್ದು. ಸ್ಟ್ಯಾಟಿನ್ ಒಗ್ಗದವರಿಗೆ ವೈದ್ಯರು ಯೋಚಿಸುವ ಇತರ ಔಷಧಗಳ ಸಾಲಿನಲ್ಲಿ ಕೊಲೆಸ್ಟೈರಮೀನ್ ವರ್ಗಕ್ಕೆ ಜಾಗವಿದೆ, ಗುಗ್ಗುಳಕ್ಕೆ ಇನ್ನೂ ಸಿಕ್ಕಿಲ್ಲ.

ಶಲ್ಲಕಿಯ ಸ್ಥಿತಿ ಇದಕ್ಕಿಂತ ಮೇಲು. ಅದರ ಬೋಸ್ವೆಲಿಕ್ ಆಮ್ಲಗಳು ಉರಿಯೂತಕ್ಕೆ ಕಾರಣವಾಗುವ 5-ಲಿಪಾಕ್ಸಿಜಿನೇಸ್ ಕಿಣ್ವವನ್ನು ತಡೆಯುತ್ತವೆ. ಮಂಡಿ ಸವೆತದ ನೋವಿನಲ್ಲಿ ಅದರ ಸಾರದಿಂದ ತುಸು ಉಪಶಮನ ಸಿಗುತ್ತದೆಂದು ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರನ್ ಸಂಸ್ಥೆಯ 2014ರ ಪರಾಮರ್ಶೆ ಹೇಳಿತು. ಆ ಪ್ರಯೋಗಗಳೆಲ್ಲ ಬೋಸ್ವೆಲಿಕ್ ಆಮ್ಲದ ಪ್ರಮಾಣ ನಿಗದಿಯಾಗಿರುವ ಸಾರಗಳ ಮೇಲೆ ನಡೆದವು ಎಂಬುದು ನೆನಪಿರಲಿ. ಪುಡಿ ಮಾಡಿದ ಕಚ್ಚಾ ರಾಳಕ್ಕೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸುವಂತಿಲ್ಲ.

ಹಲ್ಲಿನ ಕುಳಿಗೆ

ಬಿಳಿ ಸಿಮೆಂಟೆಂದು ಜನ ಕರೆಯುವುದರಲ್ಲಿ ಎರಡು ಬೇರೆಬೇರೆ ವಸ್ತುಗಳಿವೆ. ಒಂದು ರಾಳದ ಕಾಂಪೋಸಿಟ್: ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ರಾಳಕ್ಕೆ ಗಾಜಿನ ನುಣ್ಣನೆಯ ಪುಡಿ ಬೆರೆಸಿದ್ದು. ಇನ್ನೊಂದು ಗ್ಲಾಸ್ ಅಯನೋಮರ್: 1970ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿದ, ಗಾಜಿನ ಪುಡಿ ಮತ್ತು ಆಮ್ಲ ಸೇರಿ ಗಟ್ಟಿಯಾಗುವ ನಿಜವಾದ ಸಿಮೆಂಟು.

ಕಾಂಪೋಸಿಟ್ ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದುದನ್ನು ಕಂಡು ಮೈಕೆಲ್ ಬ್ಯೂನೊಕೋರ್ ಅದೇ ಉಪಾಯವನ್ನು 1955ರಲ್ಲಿ ಹಲ್ಲಿನ ಎನಾಮಲ್ ಮೇಲೆ ಪ್ರಯೋಗಿಸಿದರು. ಇಂದಿಗೂ ದಂತವೈದ್ಯರು ನೀಲಿ ಜೆಲ್ ಹಚ್ಚಿ ಕೆಲವು ಸೆಕೆಂಡು ಬಿಟ್ಟು ತೊಳೆದು, ಒರಟಾದ ಆ ಮೇಲ್ಮೈಗೆ ಬಾಂಡ್ ಎಂಬ ಅಂಟು ಸವರಿ, ಕಾಂಪೋಸಿಟನ್ನು ಸುಮಾರು 2 ಮಿಲಿಮೀಟರಿನ ಪದರಗಳಲ್ಲಿ ಇಟ್ಟು, ಒಂದೊಂದಕ್ಕೂ ನೀಲಿ ಬೆಳಕು ಹಿಡಿಯುತ್ತಾರೆ. ಬೆಳಕು ಅದಕ್ಕಿಂತ ಆಳಕ್ಕೆ ಸಾಕಷ್ಟು ಇಳಿಯುವುದಿಲ್ಲ, ಒಮ್ಮೆಲೇ ತುಂಬಿದರೆ ತಳ ಹಸಿಯಾಗಿಯೇ ಉಳಿಯುತ್ತದೆ, ಕುಗ್ಗುವಿಕೆಯೂ ಅಂಚಿನಲ್ಲಿ ಬಿರುಕು ಬಿಡಿಸುತ್ತದೆ. ನಡುವೆ ಒಂದು ಹನಿ ಜೊಲ್ಲು ತಾಗಿದರೂ ಅಂಟು ಕೆಡುತ್ತದೆ. ಹಾಗಾಗಿ ಕಾಂಪೋಸಿಟಿನಲ್ಲಿ ನೀವು ದುಡ್ಡು ಕೊಡುವುದು ವಸ್ತುವಿಗಿಂತ ವೈದ್ಯರ ತಾಳ್ಮೆಗೆ. ಹತ್ತು ನಿಮಿಷದಲ್ಲಿ ದೊಡ್ಡ ದವಡೆಹಲ್ಲಿನ ಕಾಂಪೋಸಿಟ್ ಮುಗಿಯಿತೆಂದರೆ ನಾನಂತೂ ಅನುಮಾನಪಡುತ್ತೇನೆ.

ಗ್ಲಾಸ್ ಅಯನೋಮರ್ ಹಲ್ಲಿನ ಕ್ಯಾಲ್ಸಿಯಂನೊಂದಿಗೆ ನೇರವಾಗಿ ರಾಸಾಯನಿಕ ಬಂಧ ಬೆಳೆಸುತ್ತದೆ, ತುಸು ತೇವವಿದ್ದರೂ ಸಹಿಸುತ್ತದೆ, ಫ್ಲೋರೈಡ್ ಒಸರುತ್ತದೆ. ಆದರೆ ಕಚ್ಚುವ ಒತ್ತಡಕ್ಕೆ ಬೇಗ ಸವೆಯುತ್ತದೆ. ಬಾಯಿ ತೆರೆದು ಹೆಚ್ಚು ಹೊತ್ತು ಕೂರದ ಮಕ್ಕಳ ಹಾಲುಹಲ್ಲಿಗೆ, ವಯಸ್ಸಾದವರ ಒಸಡಿನಂಚಿನ ಹುಳುಕಿಗೆ ಇದೇ ಸರಿ. ಮುಂದಿನ ಹಲ್ಲಿಗೆ, ಮಧ್ಯಮ ಗಾತ್ರದ ದವಡೆ ಕುಳಿಗೆ ಕಾಂಪೋಸಿಟ್. ಪಾದರಸ ಬೆರೆತ, ಹಳೆಯ ಬೆಳ್ಳಿಬಣ್ಣದ ಅಮಾಲ್ಗಮ್ ದವಡೆಹಲ್ಲಿನಲ್ಲಿ ಕಾಂಪೋಸಿಟಿಗಿಂತ ಹೆಚ್ಚು ಬಾಳಿದೆ. ಕಾಂಪೋಸಿಟ್ ವಿಫಲವಾಗುವ ಸಂಭವ ಸುಮಾರು ಎರಡು ಪಟ್ಟು ಎಂದು, ಪುರಾವೆಯ ಮಟ್ಟ ಕಡಿಮೆಯೆಂಬ ಎಚ್ಚರಿಕೆಯೊಡನೆ, ಕಾಕ್ರನ್ ಪರಾಮರ್ಶೆ ಲೆಕ್ಕ ಹಾಕಿದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ಕಾರಣದಿಂದ ಅಮಾಲ್ಗಮ್ ಹಿಂದೆ ಸರಿಯುತ್ತಿದೆ, ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಅದನ್ನು ಕೆಲವು ವಿನಾಯಿತಿಗಳೊಂದಿಗೆ ನಿಲ್ಲಿಸಿತು. ಬಾಯಲ್ಲಿ ಗಟ್ಟಿಯಾಗಿರುವ ಹಳೆಯ ಅಮಾಲ್ಗಮನ್ನು ಭಯದಿಂದ ಕೀಳಿಸಲು ಹೋಗಬೇಡಿ, ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುವುದು. ಹಲ್ಲಿನ ಸೆಟ್ಟಿನ ವಿಷಯದಲ್ಲಿ ಕೇಳಬೇಕಾದದ್ದು ಒಂದೇ: ಅಕ್ರಿಲಿಕ್ ಅನ್ನು ಬಿಸಿಯಲ್ಲಿ ಗಟ್ಟಿ ಮಾಡಿದ್ದೋ, ತಣ್ಣಗಿನದೋ? ಬಿಸಿಯದರಲ್ಲಿ ಕೂಡದೆ ಉಳಿದ ಹಸಿ ಅಂಶ ಬಹಳ ಕಡಿಮೆಯಿರುವುದರಿಂದ ಬಾಯಿ ಉರಿಯುವ ಸಂಭವವೂ ಕಡಿಮೆ.

ಮಾತ್ರೆಯ ಹೊದಿಕೆ, ಚರ್ಮದ ಲೇಪ

ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗಬೇಕಾದ ಮಾತ್ರೆಗಳಿಗೆ ಅರಗಿನ ಹೊದಿಕೆ ಹಳೆಯ ಪದ್ಧತಿ. ಆಮ್ಲಗುಣದ ಅರಗು ಹೊಟ್ಟೆಯ ಆಮ್ಲಕ್ಕೆ ಜಗ್ಗದೆ, ಆಮ್ಲತೆಯ ಅಳತೆಯಾದ ಪಿಎಚ್ 7ರ ಆಸುಪಾಸಿನಲ್ಲಿ ಮಾತ್ರ ಕರಗುತ್ತದೆ. ಸಣ್ಣ ಕರುಳಿನ ಆರಂಭಕ್ಕೆ ಇದು ತಡವಾಯಿತು. ಅಲ್ಲಿಗೆ ಪಿಎಚ್ 5.5ಕ್ಕೇ ಕರಗುವಂತೆ ರೂಪಿಸಿದ ಮೆಥಾಕ್ರಿಲಿಕ್ ರಾಳಗಳು ಹೆಚ್ಚು ಸೂಕ್ತ. ಇಟ್ಟಂತೆಲ್ಲ ಅರಗಿನ ಅಣುಗಳು ತಮ್ಮತಮ್ಮಲ್ಲೇ ಕೂಡಿಕೊಂಡು ಕರಗುವುದು ಇನ್ನಷ್ಟು ನಿಧಾನವಾಗುತ್ತದೆ, ಒಂದು ಕಂತಿಗೂ ಇನ್ನೊಂದಕ್ಕೂ ವ್ಯತ್ಯಾಸವೂ ಇರುತ್ತದೆ. ದೊಡ್ಡ ಕರುಳಿನವರೆಗೆ ತಲುಪಿಸಬೇಕಾದ ಪದಾರ್ಥಕ್ಕೆ ಮಾತ್ರ ಇದೇ ನಿಧಾನ ಅನುಕೂಲಕ್ಕೆ ಬರುತ್ತದೆ. ಕೀಟಮೂಲವೆಂಬ ಕಾರಣಕ್ಕೆ ಅರಗನ್ನು ಒಲ್ಲದವರು ಮಾತ್ರೆಯ ಮೇಲಿನ ಘಟಕಗಳ ಪಟ್ಟಿಯಲ್ಲಿ ‘ಶೆಲ್ಯಾಕ್’ ಎಂಬುದನ್ನು ಹುಡುಕಬೇಕು.

ಚರ್ಮದ ಮೇಲೆ ಬಳಸುವ ರಾಳಗಳಲ್ಲಿ ಟಿಂಚರ್ ಬೆಂಜೋಯಿನ್ ಆಸ್ಪತ್ರೆಗೆ ಹೋದವರೆಲ್ಲ ಕಂಡದ್ದೇ. ಸಾಂಬ್ರಾಣಿಯ ಈ ದ್ರಾವಣದಲ್ಲಿ ಸ್ಪಿರಿಟ್ ಆರಿದ ಮೇಲೆ ರಾಳದ ತೆಳು ಪದರ ಉಳಿದು ಪ್ಲಾಸ್ಟರನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಟಿನ ಅಲರ್ಜಿ ಇರುವವರಿಗೆ ಬೇಡ. ಹಿಮಾಲಯದ ಪೊಡೊಫಿಲಮ್ ಗಿಡದ ಬೇರುಗಡ್ಡೆಯಿಂದ ಬರುವ ಪೊಡೊಫಿಲ್ಲಿನ್ ಮಾತ್ರ ಇಷ್ಟು ಸೌಮ್ಯವಲ್ಲ. ಜನನಾಂಗದ ನರುಳ್ಳೆಗಳಿಗೆ 1942ರಿಂದ ಬಳಕೆಗೆ ಬಂದ ಈ ಕಚ್ಚಾ ರಾಳದಲ್ಲಿ ಕ್ರಿಯಾಶೀಲ ಅಂಶ ಎಷ್ಟಿದೆಯೆಂಬುದು ಕಂತಿನಿಂದ ಕಂತಿಗೆ ಬದಲಾಗುವುದರಿಂದ ವೈದ್ಯರೇ ಹಚ್ಚಿ, ಕೆಲವು ಗಂಟೆಗಳಲ್ಲಿ ತೊಳೆಯಿಸಬೇಕು. ಹೆಚ್ಚು ಜಾಗಕ್ಕೆ ಹಚ್ಚಿದರೆ ಮೈಗೆಲ್ಲ ವಿಷವೇರುತ್ತದೆ. ಅದರಿಂದಲೇ ಬೇರ್ಪಡಿಸಿದ ಶುದ್ಧ ಪೊಡೊಫಿಲೊಟಾಕ್ಸಿನ್‌ನ ಶೇಕಡಾ 0.5ರ ದ್ರಾವಣವನ್ನಾದರೆ ವೈದ್ಯರ ಸೂಚನೆಯಂತೆ ರೋಗಿಯೇ ಮನೆಯಲ್ಲಿ ಹಚ್ಚಿಕೊಳ್ಳಬಹುದು. ಗರ್ಭಿಣಿಯರಿಗೆ ಎರಡೂ ನಿಷಿದ್ಧ.